ಸೇತುವೆಯ ಮೇಲೆ ಅರವತ್ತಮೂರು ಹೆಜ್ಜೆ

ಮೊದಲ ಟೇಕಿನಲ್ಲೇ ಕಂಪ್ಲಿಯ ಮಾಸ್ತರು ನಮ್ಮ ಸ್ಟುಡಿಯೋದ ಗಾಜು ನಡುಗಿಸಿಬಿಟ್ಟರು. ಮಾತಿಗೆ ಹೇಳುತ್ತಿಲ್ಲ, ಗಾಜು ನಿಜವಾಗಿಯೂ ನಡುಗಿತು. ಒಂದು ಸಾಲು ಸಂಭಾಷಣೆ ಹೇಳಿದರು, ಅದು ಮುಗಿಯುವ ಜಾಗಕ್ಕೆ ಸರಿಯಾಗಿ ಎಡಗಾಲನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದರು. ಮೈಕಿನ ಸ್ಟ್ಯಾಂಡ್ ಕುಣಿಯಿತು, ನನ್ನ ಮುಂದಿನ ಪರದೆಯಲ್ಲಿ ಸದ್ದಿನ ಗೆರೆ ಕೆಂಪಿಗೆ ಜಿಗಿಯಿತು, ನಾನು ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದೆ. ಪಕ್ಕದಲ್ಲಿ ನಿಂತಿದ್ದ ನಮ್ಮ ಓನರ್ ಎರಡು ಹೆಜ್ಜೆ ಹಿಂದೆ ಸರಿದರು.

"ಏನಮ್ಮಾ ಇದು! ಸಂಡೂರು ಗುಡ್ಡದಾಗ ಬ್ಲಾಸ್ಟಿಂಗ್ ಮಾಡಿದಂಗ ಆತಲ್ಲ!"

ಒಳಗಿದ್ದ ಮಾಸ್ತರು ಗಾಜಿನ ಮೂಲಕ ನಮ್ಮತ್ತ ನೋಡಿ ನಕ್ಕರು. ಆ ಸಾಲು ಬಹಳ ಚೆನ್ನಾಗಿ ಬಂತೆಂದು ಅವರಿಗೆ ಖುಷಿಯಾಗಿತ್ತು. ಚೆನ್ನಾಗಿ ಬಂದಿದ್ದೂ ಹೌದು.

ನಾವು ಮಾಡುತ್ತಿದ್ದುದು ಒಂದು ಜಪಾನಿ ಅನಿಮೇಷನ್ ಚಿತ್ರದ ಕನ್ನಡ ಡಬ್ಬಿಂಗ್. ಇಡೀ ಚಿತ್ರವಲ್ಲ, ಅದರ ಒಂಬತ್ತು ನಿಮಿಷದ ಒಂದು ತುಂಡು. ಮುಂಬೈನ ಏಜೆನ್ಸಿಯೊಂದು ಅದನ್ನು ಪರೀಕ್ಷೆಗೆಂದು ಕಳಿಸಿತ್ತು. ಪಾಸಾದರೆ ಪೂರ್ತಿ ಚಿತ್ರ ಹೊಸಪೇಟೆಗೆ ಬರುತ್ತದೆ, ನಾವು ಆರಿಸಿದ ಧ್ವನಿಗಳೇ ಉಳಿಯುತ್ತವೆ. ಫೇಲಾದರೆ ಬೇರೆ ಊರಿನ ದೊಡ್ಡ ಸ್ಟುಡಿಯೋಗೆ ಹೋಗುತ್ತದೆ. ಅಲ್ಲಿಯವರೆಗೆ ನಮ್ಮಲ್ಲಿ ಆಗುತ್ತಿದ್ದ ಕೆಲಸವೆಂದರೆ ಬಟ್ಟೆ ಅಂಗಡಿಯ ಜಾಹೀರಾತು, ಆಟೋಗೆ ಮೈಕ್ ಕಟ್ಟಿ ಊರು ಸುತ್ತಿಸುವ ಪ್ರಚಾರ, ಭಕ್ತಿಗೀತೆ, ಹಂಪಿ ನೋಡಲು ಬರುವವರು ಕಿವಿಗೆ ಹಾಕಿಕೊಳ್ಳುವ ಆಡಿಯೋ ಗೈಡ್. ಹಂಪಿ ಬಜಾರಿನ ಕಲ್ಲು ಮಂಟಪಗಳ ಕಥೆಯನ್ನು ನನ್ನ ಧ್ವನಿಯಲ್ಲಿ ನಾನೇ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಮ್ಮ ಸ್ಟುಡಿಯೋದಲ್ಲಿ ಮಾತು ಬರೆಯುವವಳು, ಧ್ವನಿ ಹಿಡಿಯುವವಳು, ಕಲಾವಿದರು ಮುನಿಸಿಕೊಂಡರೆ ಚಹಾ ತರಿಸಿ ರಮಿಸುವವಳು ಎಲ್ಲ ನಾನೇ.

ಚಿತ್ರದ ನಾಯಕ ಒಬ್ಬ ಮುದುಕ ಸಮುರಾಯಿ. ನಮಗೆ ಬಂದ ತುಂಡಿನಲ್ಲಿ ಅವನು ಹಿಮ ಬೀಳುವ ಒಂದು ಬೆಳಗ್ಗೆ ಮರದ ಸೇತುವೆಯೊಂದರ ಮೇಲೆ ಒಬ್ಬನೇ ನಿಂತು ಏಳು ಮಂದಿಯನ್ನು ತಡೆಯುತ್ತಾನೆ. ಅಷ್ಟೇ ಕಥೆ. ಆದರೆ ಆ ಕತ್ತಿವರಸೆ ಇದೆಯಲ್ಲ, ಅದನ್ನು ನೋಡಿದ ಮೊದಲ ದಿನ ನಾನು ಊಟ ಮರೆತೆ. ಮೊದಲನೆಯವನು ಕತ್ತಿ ಎತ್ತುವಷ್ಟರಲ್ಲಿ ಮುದುಕ ಅವನ ತೋಳಿನ ಕೆಳಗೆ ನುಸುಳಿ ಆಚೆ ಇರುತ್ತಾನೆ. ಮೂರನೆಯವನ ಕತ್ತಿಯ ಅಲಗಿನ ಮೇಲೆ ಇವನ ಕತ್ತಿ ಜಾರಿಕೊಂಡು ಹಿಡಿಯವರೆಗೂ ಹೋಗುತ್ತದೆ, ಹೋದ ದಾರಿಯುದ್ದಕ್ಕೂ ಬೆಳಕಿನ ಒಂದು ಗೆರೆ ಹರಿಯುತ್ತದೆ. ಒಂದು ಸೆಕೆಂಡಿಗೆ ಇಪ್ಪತ್ನಾಲ್ಕು ಫ್ರೇಮು. ನಾನು ಒಂದೊಂದನ್ನೇ ನಿಲ್ಲಿಸಿ ನೋಡಿದೆ. ಮುದುಕ ಹೆಜ್ಜೆ ಊರಿದಾಗ ಸೇತುವೆಯ ಕಟಕಟೆಯ ಮೇಲಿನ ಹಿಮ ಒಂದು ಚಿಟಿಕೆಯಷ್ಟು ಉದುರುತ್ತದೆ. ಯಾರೋ ಕೂತು ಆ ಚಿಟಿಕೆಯನ್ನು ಬರೆದಿದ್ದಾರೆ! ಅವರ ಕೈಗೆ ನಮಸ್ಕಾರ ಮಾಡಬೇಕೆನಿಸಿತು.

ಆದರೆ ಡಬ್ಬಿಂಗ್ ಮಾಡುವವರಿಗೆ ಇಂಥ ದೃಶ್ಯ ಬಿಸಿತುಪ್ಪ. ಚಿತ್ರ ನಮ್ಮ ಕೈಗೆ ಬರುವಾಗ ಸಂಗೀತ, ಕತ್ತಿಯ ಸದ್ದು, ಹೆಜ್ಜೆ, ಗಾಳಿ ಎಲ್ಲ ಇರುತ್ತವೆ. ಗಂಟಲಿನಿಂದ ಬಂದದ್ದು ಮಾತ್ರ ಇರುವುದಿಲ್ಲ. ಮಾತಷ್ಟೇ ಅಲ್ಲ, ಉಸಿರು, ಏದುಸಿರು, ಹೂಂಕಾರ, ನರಳಾಟ ಯಾವುದೂ ಇರುವುದಿಲ್ಲ. ಅದನ್ನೆಲ್ಲ ನಮ್ಮ ಕಲಾವಿದ ತುಂಬಬೇಕು. ಈ ಒಂಬತ್ತು ನಿಮಿಷದಲ್ಲಿ ಮುದುಕನ ಮಾತು ಆರೇ ಸಾಲು, ಉಳಿದದ್ದೆಲ್ಲ ಉಸಿರು. ಅದೂ ಚಳಿ ನಾಡಿನ ಉಸಿರು, ಬಾಯಿಂದ ಹೊರಬಿದ್ದಾಗ ಬಿಳಿ ಹಬೆ ಕಾಣುತ್ತದೆ. ಹಬೆ ಒಂದು ಕಡೆ, ಉಸಿರು ಒಂದು ಕಡೆ ಆದರೆ ಚಿಕ್ಕ ಮಗುವೂ ಕಂಡುಹಿಡಿಯುತ್ತದೆ.

ಈ ಕೆಲಸಕ್ಕೆ ಮಾಸ್ತರೇ ಬೇಕೆಂದು ಹಟ ಹಿಡಿದವಳು ನಾನು. ಅವರು ಕಂಪ್ಲಿಯವರು, ಅಕ್ಕಿ ಗಿರಣಿಯಲ್ಲಿ ದುಡಿದು ನಿವೃತ್ತರಾದವರು, ಅರವತ್ತೆಂಟು ವಯಸ್ಸು. ನಲವತ್ತು ವರ್ಷ ಸುತ್ತಲಿನ ಹಳ್ಳಿಗಳಿಗೆ ದೊಡ್ಡಾಟ ಕಲಿಸಿದವರು. ಐದಾರು ವರ್ಷದ ಹಿಂದೆ ಬೇರಾವುದೋ ಕೆಲಸಕ್ಕೆ ಅವರ ತಾಲೀಮನ್ನು ಧ್ವನಿಮುದ್ರಿಸಲು ಹೋಗಿದ್ದೆ. ಆಟಕ್ಕೆಂದು ಹಲಗೆ ಜೋಡಿಸಿ ಕಟ್ಟಿದ ಅಟ್ಟದ ಮೇಲೆ ನಿಂತು ಅವರು ಒಮ್ಮೆ ಹೂಂಕರಿಸಿದ್ದು ನನ್ನ ಕಿವಿಯಲ್ಲಿ ಹಾಗೇ ಉಳಿದಿತ್ತು. ಓನರಿಗೆ ಟಿ.ವಿ.ಯಲ್ಲಿ ಕೇಳಿ ಗೊತ್ತಿದ್ದ ಒಂದು ಧ್ವನಿ ಬೇಕಿತ್ತು.

"ನಿನ್ನ ಮಾತಿಗೆ ಹೂಂ ಅಂತೀನಿ," ಎಂದಿದ್ದರು ಓನರ್. "ಹಾಳಾದ್ರ ಮಾತ್ರ ಇನ್ನು ಮ್ಯಾಲೆ ಅಂಗಡಿ ಜಾಹೀರಾತೇ ಗತಿ. ಆ ಮ್ಯಾಲೆ ನನ್ನ ಬಯ್ಯಬ್ಯಾಡ."

ಮಾಸ್ತರಿಗೆ ಓದಲು ಬರುತ್ತಿತ್ತು, ಆದರೆ ಹಾಳೆ ಹಿಡಿದು ಮಾತಾಡಲು ಒಪ್ಪಲಿಲ್ಲ. ದೊಡ್ಡಾಟದ ತಾಲೀಮಿನಲ್ಲಿ ಅವರು ಓದು ಬಾರದವರಿಗೂ ಗಂಟೆಗಟ್ಟಲೆಯ ಮಾತನ್ನು ಬಾಯಿಂದ ಬಾಯಿಗೇ ಕಲಿಸಿದವರು. ಆದ್ದರಿಂದ ನಾನು ಹೇಳುವುದು, ಅವರು ಕಣ್ಣು ಮುಚ್ಚಿ ಕೇಳುವುದು, ಹೇಳುವುದು. ಆರು ಸಾಲು ಹತ್ತು ನಿಮಿಷದಲ್ಲಿ ಬಾಯಿಗೆ ಬಂತು. ಮುದುಕನ ತುಟಿ ಮುಚ್ಚಿಕೊಳ್ಳುವ ಕಡೆಯಲ್ಲೆಲ್ಲ ನಾನು ಪ, ಬ, ಮ ಬರುವಂತೆ ಬರೆದಿದ್ದೆ. ಅದೂ ಸಲೀಸಾಗಿ ಕೂತಿತು. ಕೂರದೇ ಇದ್ದದ್ದು ಕಾಲು.

ದೊಡ್ಡಾಟದ ವೇಷಗಾರ ಮಾತು ಮುಗಿಸಿದ ಮೇಲೆ ಹಲಗೆಯ ಮೇಲೆ ಹೆಜ್ಜೆ ಅಪ್ಪಳಿಸಲೇಬೇಕು. ಹಾಗೆ ಮಾಡಿದರೇ ಮಾತು ಮುಗಿದ ಲೆಕ್ಕ. ಐವತ್ತು ವರ್ಷದಿಂದ ಮೈಗೆ ಅಂಟಿದ್ದನ್ನು ಬಿಡಿ ಎಂದರೆ ಹೇಗೆ ಬಿಟ್ಟಾರು? ನಾನು ಮೊದಲು ಚಪ್ಪಲಿ ಬಿಡಿಸಿದೆ. ಆಮೇಲೆ ಅಮ್ಮ ಹೊಲಿದ ಕೌದಿಗಳನ್ನು ದೋಣಿಮಲೈಯ ಮನೆಯಿಂದ ತರಿಸಿ ನಾಲ್ಕು ಪದರ ಹಾಸಿದೆ. ಆಗಲೂ ಗುದ್ದಿನ ಸದ್ದು ಬರುತ್ತಿತ್ತು. ಕೊನೆಗೆ ಕೈ ಮುಗಿದು ಹೇಳಿಯೇಬಿಟ್ಟೆ.

"ಮಾಸ್ತರ್ರೀ, ಕಾಲು ಅಲ್ಲಾಡಿಸಬ್ಯಾಡ್ರಿ. ಕಂಬದಂಗ ನಿಂತು ಮಾತಾಡ್ರಿ, ಸಾಕು."

"ಆತು ತಾಯಿ. ನೀ ಹೆಂಗ ಅಂತೀಯೋ ಹಂಗ," ಎಂದರು. ಮುಖ ಸ್ವಲ್ಪ ಸಣ್ಣಗಾಯಿತು. ನಾನು ಗಮನಿಸಿಯೂ ಗಮನಿಸದಂತೆ ಇದ್ದೆ.

ಎರಡು ದಿನದಲ್ಲಿ ಮುಗಿಯಿತು. ಟ್ರ್ಯಾಕ್ ಎಷ್ಟು ಶುಭ್ರವಾಗಿತ್ತೆಂದರೆ ಒಂದು ಕಡ್ಡಿ ಬಿದ್ದ ಸದ್ದೂ ಇರಲಿಲ್ಲ. ಒಂದೊಂದು ಉಸಿರನ್ನೂ ಹಬೆಯ ಮೇಲೆ ಸರಿಸಿ ಕೂರಿಸಿದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಮುಂಬೈಗೆ ಕಳಿಸಿದೆ.

ಭಾನುವಾರ ದೋಣಿಮಲೈಗೆ ಹೋಗಿದ್ದೆ. ಅಪ್ಪ ಅಲ್ಲಿ ಗಣಿಯ ಡಂಪರ್ ಓಡಿಸುತ್ತಾರೆ, ಇನ್ನೂ ಕಂಪನಿಯ ಕ್ವಾರ್ಟರ್ಸಿನಲ್ಲೇ ಇದ್ದಾರೆ. ಅಮ್ಮ ಬಡಿಸಿದ ರೊಟ್ಟಿ ಮುರಿಯುವಾಗ ಏಜೆನ್ಸಿಯ ಮೇಡಂ ಫೋನ್ ಮಾಡಿದರು. ಹಿಂದಿ, ಇಂಗ್ಲಿಷ್ ಬೆರೆಸಿ ಬಹಳ ಸೌಜನ್ಯದಿಂದ ಮಾತಾಡುವವರು. ಅವರ ಸೌಜನ್ಯ ಹೆಚ್ಚಿದಷ್ಟೂ ನನಗೆ ಹೆದರಿಕೆ. ತಾಂತ್ರಿಕವಾಗಿ ಒಂದು ತಪ್ಪೂ ಇಲ್ಲ ಎಂದರು. ಆರು ಸಾಲು ಮಾತು ಸೊಗಸಾಗಿವೆ ಎಂದರು. ಆದರೆ ಕಾದಾಟ ಶುರುವಾದ ಕೂಡಲೇ ಆ ಮನುಷ್ಯ ಕುರ್ಚಿಯಲ್ಲಿ ಕೂತು ಬೇರೆ ಯಾರದೋ ಜಗಳ ನೋಡುತ್ತಿರುವಂತೆ ಕೇಳುತ್ತದೆ, ಧ್ವನಿ ಬದಲಿಸಿ ಇನ್ನೊಮ್ಮೆ ಕಳಿಸಿ, ಶುಕ್ರವಾರದವರೆಗೆ ಸಮಯ ಕೊಡುತ್ತೇವೆ ಎಂದರು.

ಮುರಿದ ರೊಟ್ಟಿಯನ್ನು ತಟ್ಟೆಗೇ ಹಾಕಿದೆ. ಕೋಪ ಬಂದದ್ದು ಅವರ ಮೇಲಲ್ಲ. ಅವರು ಹೇಳಿದ್ದು ನನಗೆ ಮೊದಲೇ ಗೊತ್ತಿತ್ತು, ಶುಭ್ರವಾದ ಟ್ರ್ಯಾಕ್ ನೋಡಿ ಮರುಳಾಗಿ ಕಿವಿ ಮುಚ್ಚಿಕೊಂಡಿದ್ದೆ. ಓನರಿಗೆ ತಿಳಿಸಿದೆ. ಅವರು ಬಯ್ಯಲಿಲ್ಲ, ಅದೇ ಇನ್ನೂ ಕಷ್ಟವಾಯಿತು. ಟಿ.ವಿ. ಕಲಾವಿದ ಗುರುವಾರ ಬೆಳಗಿನ ಟ್ರೇನಿಗೆ ಬರುತ್ತಾನೆ, ಮಾಸ್ತರಿಗೆ ನೀನೇ ಹೇಳಿಬಿಡು ಎಂದರು.

ಸೋಮವಾರ ಬೆಳಗ್ಗೆ ಸ್ಕೂಟಿ ಹತ್ತಿ ಕಂಪ್ಲಿಗೆ ಹೊರಟೆ. ಕಮಲಾಪುರ ದಾಟಿ ಬಾಳೆ ತೋಟ, ಗದ್ದೆಗಳ ನಡುವೆ ಹೋಗುವಷ್ಟೂ ದಾರಿ ಹೇಳಬೇಕಾದ ಮಾತನ್ನೇ ತಿದ್ದುತ್ತಿದ್ದೆ. "ಏಜೆನ್ಸಿಯವರು ಬೇರೆ ಥರದ ಧ್ವನಿ ಕೇಳ್ತಾರ" ಎನ್ನುವುದೋ, "ನಿಮಗೂ ವಯಸ್ಸಾತು, ತ್ರಾಸು ಯಾಕ" ಎನ್ನುವುದೋ? ಎರಡೂ ಸುಳ್ಳು. ಮಾಸ್ತರ ಮನೆಯ ಪಡಸಾಲೆಯಲ್ಲಿ ಕೂತು ನೀರು ಕುಡಿದ ಮೇಲೆ ಬಾಯಿಗೆ ಬಂದದ್ದು ನಿಜವೇ.

"ಮಾಸ್ತರ್ರೀ, ಪಾಸಾಗಲಿಲ್ಲ. ಕುರ್ಚಿ ಮ್ಯಾಲೆ ಕುಂತವರ ದನಿ ಐತಿ ಅಂದ್ರು. ಬ್ಯಾರೆಯವರನ್ನ ಕರಸಾಕತ್ಯಾರ."

ಅವರು ನನ್ನ ಹೆಗಲ ಚೀಲದತ್ತ ನೋಡಿದರು. ಆಮೇಲೆ, "ಆ ಚಿತ್ರ ತಂದೀಯೇನು? ನನ್ನ ದನಿ ತಗದು ತೋರ್ಸು," ಎಂದರು.

ಲ್ಯಾಪ್‌ಟಾಪ್ ತೆರೆದೆ. ಒಮ್ಮೆ ನೋಡಿದರು. ಸಂಗೀತವನ್ನೂ ತೆಗೆ, ಹೆಜ್ಜೆಯ ಸದ್ದೊಂದೇ ಇರಲಿ ಎಂದರು. ಸಂಗೀತದ ಟ್ರ್ಯಾಕ್ ಬೇರೆಯೇ ಇತ್ತು, ಮುಚ್ಚಿದೆ. ಎರಡನೇ ಸಲ, ಮೂರನೇ ಸಲ. ನಾಲ್ಕನೇ ಸಲಕ್ಕೆ ಅವರ ಬಲಗೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಮುದುಕ ಮೂರು ಹೆಜ್ಜೆ ಮುಂದೆ ಬಂದರೆ ಇವರ ಕೈ ಮೂರು ಸಲ ಬಿತ್ತು, ಅವನು ಹಿಮ್ಮಡಿಯ ಮೇಲೆ ತಿರುಗಿದರೆ ಇವರ ಅಂಗೈ ತೊಡೆಯ ಮೇಲೆ ಸರಿಯಿತು. ಎಂಟನೇ ಸಲಕ್ಕೆ ತಾವೇ ಗುಂಡಿ ಒತ್ತಿ ನಿಲ್ಲಿಸಿದರು.

"ತಾಯಿ, ಇದು ಏನು ಅಂತ ತಿಳಕೊಂಡಿ ನೀನು?"

"ಸೇತುವೆ ಮ್ಯಾಲೆ ಕತ್ತಿ ಕಾಳಗ ಅಲ್ರೀ?"

"ಸೇತುವೆ ಅಲ್ಲ, ಇದು ನಮ್ಮ ಅಟ್ಟ. ಹಲಗಿ ನೋಡು, ಹಲಗಿ ಮ್ಯಾಲೆ ಬಿದ್ದ ಹೆಜ್ಜಿ ಕೇಳು. ಅವ ಕತ್ತಿ ಬೀಸೂದು ಆಮ್ಯಾಲೆ, ಮೊದಲು ಕಾಲು ಹಾಕ್ತಾನ. ಕಾಲಿನಿಂದ ಉಸುರು ಏಳತೈತಿ, ಉಸುರಿನಿಂದ ಕೈ ಏಳತೈತಿ. ಇದನ್ನ ಬರದವರು ಯಾರೋ ಏನೋ, ಭಾಳ ದೊಡ್ಡ ಮಂದಿ. ಅವರು ಅವನ್ನ ಕುಣಿಸ್ಯಾರ. ನೀನು ನನ್ನ ಕೌದಿ ಮ್ಯಾಲೆ ಕಟ್ಟಿಹಾಕಿದಿ."

ಮಾತಿನಲ್ಲಿ ಸಿಟ್ಟಿರಲಿಲ್ಲ. ನನಗೇ ಕೆನ್ನೆಗೆ ಹೊಡೆದಂತಾಯಿತು. ಹೌದಲ್ಲ! ನಾನು ತಪ್ಪಿಸಲು ಒದ್ದಾಡಿದ್ದು ಹೆಜ್ಜೆಯ ಸದ್ದನ್ನು. ಆದರೆ ಚಿತ್ರದಲ್ಲಿ ಹೆಜ್ಜೆಯ ಸದ್ದು ಆಗಲೇ ಇದೆ, ಅದೂ ಮರದ ಹಲಗೆಯ ಮೇಲಿನದು. ಮಾಸ್ತರ ಕಾಲು ಮುದುಕನ ಕಾಲು ಬಿದ್ದ ಫ್ರೇಮಿನಲ್ಲೇ ಬಿದ್ದರೆ ಇವರ ಸದ್ದು ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಒಂದು ಫ್ರೇಮ್ ಆಚೀಚೆ ಆದರೂ ಎರಡು ಕಾಲು ಕೇಳಿ ಮಾನ ಹೋಗುತ್ತದೆ. ಒಂಬತ್ತು ನಿಮಿಷ ಹಾಗೆ ಹೆಜ್ಜೆ ಹಾಕಲು ಯಾವ ಡಬ್ಬಿಂಗ್ ಕಲಾವಿದನಿಗೂ ಆಗದು. ಆದರೆ ಮದ್ದಳೆಯ ಏಟಿಗೆ ಐವತ್ತು ವರ್ಷ ಕಾಲು ಕೂಡಿಸಿದವರಿಗೆ?

ಓನರಿಗೆ ಅಲ್ಲಿಂದಲೇ ಫೋನ್ ಮಾಡಿ ಬುಧವಾರ ಸಂಜೆಯವರೆಗೆ ಸಮಯ ಕೇಳಿದೆ. "ಏನಾರ ಮಾಡ್ಕೋ, ಗಾಜು ಮಾತ್ರ ಒಡೀಬ್ಯಾಡ್ರಿ," ಎಂದರು.

ಮಾಸ್ತರ ಹಿತ್ತಲಿನಲ್ಲಿ ಹಳೆಯ ಅಟ್ಟದ ಬೇವಿನ ಹಲಗೆಗಳಿದ್ದವು. ಆರು ಹಲಗೆಗಳನ್ನು ಗೂಡ್ಸ್ ಆಟೋದಲ್ಲಿ ಹೊಸಪೇಟೆಗೆ ಸಾಗಿಸಿದೆವು. ಮೆಟ್ಟಿಲು ಹತ್ತಿಸುವಾಗ ಕೆಳಗಿನ ಮೊಬೈಲ್ ಅಂಗಡಿಯವನು "ಏನ್ ಮೇಡಂ, ಸ್ಟುಡಿಯೋದಾಗ ಮದುವಿ ಹಂದರ ಹಾಕ್ತೀರೇನು?" ಎಂದು ಕೇಳಿದ. ಹಲಗೆಗಳ ಕೆಳಗೆ ಮರಳಿನ ಚೀಲ ಇಟ್ಟೆ. ಸದ್ದು ಬರಬೇಕು, ಆದರೆ ಕಟ್ಟಡವೆಲ್ಲ ಗುಂಯ್‌ಗುಡಬಾರದು. ಸ್ಟ್ಯಾಂಡ್ ತೆಗೆದು ಮೈಕನ್ನು ಛಾವಣಿಯಿಂದ ರಬ್ಬರ್ ಪಟ್ಟಿಯಲ್ಲಿ ತೂಗುಹಾಕಿದೆ, ಅದರ ಸದ್ದು ಹಿಡಿಯದ ಕಿವುಡು ಬದಿ ನೆಲದ ಕಡೆಗಿರುವಂತೆ ತಿರುಗಿಸಿದೆ. ಮಾಸ್ತರು ಎದುರಿನ ಪರದೆಯೊಂದೇ ಸಾಕು, ಹೆಡ್‌ಫೋನ್ ಬೇಡವೆಂದರು, ತೆಗೆದೆ. ಟೇಕ್ ಶುರುವಾಗುವ ಮೊದಲು ನಾವು ಮೂರು ಬೀಪ್ ಕೊಡುತ್ತೇವೆ, ಅದೂ ಬೇಡವೆಂದರು.

"ಅದು ಬಡಕೊಂಡ್ರ ನನ್ನ ಲೆಕ್ಕ ತಪ್ಪತೈತಿ. ಅವ ನಿಂತಿರತಾನಲ್ಲ, ಆವಾಗಿನಿಂದ ನಾನೂ ನಿಂತಿರತೀನಿ."

ನಾನು ರಾತ್ರಿ ನಿದ್ದೆಗೆಟ್ಟು ಒಂದು ಪಟ್ಟಿ ಮಾಡಿಕೊಂಡಿದ್ದೆ. ಮುದುಕ ಒತ್ತಿ ಊರುವ ಹೆಜ್ಜೆಗಳು ಒಟ್ಟು ಅರವತ್ತಮೂರು. ಪ್ರತಿಯೊಂದೂ ಯಾವ ಫ್ರೇಮಿನಲ್ಲಿ ನೆಲ ಮುಟ್ಟುತ್ತದೆಂದು ಬರೆದುಕೊಂಡಿದ್ದೆ. ಮಂಗಳವಾರ ಮಧ್ಯಾಹ್ನ ಎರಡಕ್ಕೆ ಶುರುಮಾಡಿದೆವು. ಆ ಹೊತ್ತಿಗೆ ಬಿಸಿಲಿಗೆ ರಸ್ತೆ ಖಾಲಿ, ಅದಿರಿನ ಲಾರಿಗಳೂ ಕಡಿಮೆ. ಆದರೆ ಎ.ಸಿ. ಗೊರಗುಟ್ಟುತ್ತದೆ ಎಂದು ಆರಿಸಬೇಕು. ಹೊಸಪೇಟೆಯ ಬೇಸಗೆಯಲ್ಲಿ, ಮುಚ್ಚಿದ ಕೋಣೆಯಲ್ಲಿ, ಅರವತ್ತೆಂಟರ ಮನುಷ್ಯ ಹಿಮದಲ್ಲಿ ಕಾದಾಡಬೇಕು.

ಮೊದಲ ಮೂವರು ಶತ್ರುಗಳನ್ನು ಸಲೀಸಾಗಿ ಮುಗಿಸಿದರು. ನನ್ನ ಪಟ್ಟಿಗೂ ಅವರ ಕಾಲಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಆ ಉಸಿರು! ನಿಂತು ಹೇಳಿದಾಗ ಅದು ಬರೇ ಬಾಯಿಂದ ಬಂದಿತ್ತು. ಈಗ ಹೊಟ್ಟೆಯ ಬುಡದಿಂದ ಒದ್ದುಕೊಂಡು ಬರುತ್ತಿತ್ತು. ಆದರೆ ನಾಲ್ಕನೆಯವನ ಹತ್ತಿರ ಸಿಕ್ಕಿಬಿದ್ದೆವು. ಅಲ್ಲಿ ಮುದುಕ ತಿರುಗಿ ಬಲಗಾಲು ಊರುತ್ತಾನೆ. ಮೂವತ್ತೆಂಟನೆಯ ಹೆಜ್ಜೆ. ಮಾಸ್ತರು ಪ್ರತಿ ಸಲವೂ ನನ್ನ ಪಟ್ಟಿಗಿಂತ ಮೂರು ಫ್ರೇಮ್ ತಡ.

"ಲೇಟ್ ಆತ್ರೀ ಮಾಸ್ತರ, ಇನ್ನೊಮ್ಮೆ."

ಇನ್ನೊಮ್ಮೆ, ಮತ್ತೊಮ್ಮೆ. ಬುಧವಾರವೂ ಅದೇ ಹಾಡು. ಹನ್ನೊಂದನೇ ಟೇಕಿಗೆ ನನ್ನ ತಾಳ್ಮೆ ಹರಿಯಿತು. ಗಾಜಿನ ಈಚೆಯಿಂದ ಜೋರಾಗಿಯೇ ಹೇಳಿದೆ. "ಎಲ್ಲಾ ಕಡೆ ಸರಿ ಬರತೈತಿ, ಅದೊಂದು ಕಡೆ ಯಾಕ ತಪ್ಪತೈತ್ರೀ? ಸ್ವಲ್ಪ ಲಕ್ಷ್ಯ ಕೊಡ್ರಿ!"

ಹಾಗೆ ಹೇಳಬಾರದಿತ್ತು. ಅವರು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು ನಿಧಾನವಾಗಿ ಹೇಳಿದರು.

"ತಪ್ಪಿದ್ದು ನಾನಲ್ಲ. ನಿನ್ನ ಚೀಟಿ ತಪ್ಪೈತಿ. ಹತ್ತಿರ ಹೋಗಿ ನೋಡು."

ಹೋಗಿ ನೋಡಿದೆ. ಒಂದೊಂದೇ ಫ್ರೇಮ್ ಸರಿಸಿದೆ. ಮುದುಕನ ಬಲಗಾಲಿನ ಬೆರಳು ಹಲಗೆ ಮುಟ್ಟಿದೆ, ಅದನ್ನೇ ನಾನು ಬರೆದುಕೊಂಡಿದ್ದೆ. ಆದರೆ ಮುಂದಿನ ಫ್ರೇಮಿನಲ್ಲಿ ಹಿಮ್ಮಡಿ ಇನ್ನೂ ಮೇಲೇ ಇದೆ. ಅದರ ಮುಂದಿನದರಲ್ಲೂ ಹಾಗೇ. ಮೂರನೆಯ ಫ್ರೇಮಿನಲ್ಲಿ ಹಿಮ್ಮಡಿ ಇಳಿಯುತ್ತದೆ, ಕಟಕಟೆಯ ಹಿಮ ಉದುರುವುದೂ ಆಗಲೇ. ಹಲಗೆಯ ಸದ್ದನ್ನೂ ಜೋರು ಮಾಡಿ ಕೇಳಿದೆ. ಉಳಿದ ಹೆಜ್ಜೆಗಳನ್ನು ಸದ್ದು ಕೇಳಿ ಗುರುತಿಸಿದ್ದೆ, ಇದೊಂದು ಗಾಳಿಯ ಅಬ್ಬರದಲ್ಲಿ ಸ್ಪಷ್ಟವಾಗಿ ಕೇಳದೆ ಬೆರಳು ನೋಡಿ ಬರೆದಿದ್ದೆ, ಸದ್ದೂ ಹಿಮ್ಮಡಿ ಇಳಿದಲ್ಲೇ ಇತ್ತು.

"ಬೆರಳು ಮುಟ್ಟಿದ್ದು ಹೆಜ್ಜಿ ಅಲ್ಲ ತಾಯಿ, ಮೈ ಕುಂತದ್ದು ಹೆಜ್ಜಿ," ಎಂದರು ಮಾಸ್ತರು. "ಎಡಗಾಲು ಹಾಕುವಾಗ ಅವ ಹಿಂಗ ಮಾಡಂಗಿಲ್ಲ, ಬಲಗಾಲಿಗೆ ಮಾತ್ರ. ಅವನಿಗೆ ಬಲ ಮಣಕಾಲು ನೋವೈತಿ. ಯಾರಿಗೂ ತೋರ್ಸಂಗಿಲ್ಲ. ಆದರ ಪ್ರತಿ ಸಲ ನೆಲಾನ ಕೇಳ್ತಾನ, ನನ್ನ ತಡಕೊಂತೀಯೇನು ಅಂತ. ಅಲ್ಲಿಮಟ ಉಸುರು ಬಿಡಂಗಿಲ್ಲ."

ಏಜೆನ್ಸಿ ಕಳಿಸಿದ ಹಾಳೆಗಳಲ್ಲಿ ಮಂಡಿ ನೋವಿನ ವಿಷಯ ಎಲ್ಲೂ ಇರಲಿಲ್ಲ. ನಾನು ಆ ದೃಶ್ಯವನ್ನು ನೂರು ಸಲವಾದರೂ ನೋಡಿದ್ದೆ, ನನಗೆ ಕಂಡಿರಲಿಲ್ಲ. ನನ್ನ ಪಟ್ಟಿಯನ್ನು ಅವರೆದುರೇ ಹರಿದು ಬುಟ್ಟಿಗೆ ಹಾಕಿದೆ. ಇನ್ನು ನಾನು ಬಾಯಿ ಹಾಕುವುದಿಲ್ಲ, ತುಂಡು ತುಂಡಾಗಿಯೂ ಬೇಡ, ಮೊದಲಿನಿಂದ ಕೊನೆಯವರೆಗೆ ನಿಮ್ಮ ಲೆಕ್ಕದಲ್ಲೇ ಹೋಗಿ ಎಂದೆ. ಒಂಬತ್ತು ನಿಮಿಷ ಒಂದೇ ಟೇಕಿನಲ್ಲಿ ಯಾರೂ ಡಬ್ ಮಾಡುವುದಿಲ್ಲ. ಎಲ್ಲಾದರೂ ಒಂದು ಕಡೆ ತಪ್ಪಿದರೆ ಎಲ್ಲವೂ ಹೋಯಿತು. ಆದರೂ ಆಗ ಬೇರೆ ದಾರಿ ನನಗೆ ತೋಚಲಿಲ್ಲ, ತೋಚುವುದು ಬೇಡವಾಗಿಯೂ ಇತ್ತು.

ಅವರು ನೀರು ಕುಡಿದರು. ಬಾಗಿ ಹಲಗೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಾನು ಎ.ಸಿ. ಆರಿಸಿ ಚಿತ್ರ ಬಿಟ್ಟೆ.

ಆ ಒಂಬತ್ತು ನಿಮಿಷವನ್ನು ಹೇಗೆ ಹೇಳಲಿ? ಪರದೆಯ ಮೇಲೆ ಮುದುಕ ಕತ್ತಿ ಎಳೆದ, ಒಳಗೆ ಮಾಸ್ತರ ಎದೆ ಎದ್ದಿತು. ಕೈಯಲ್ಲಿ ಏನೂ ಇಲ್ಲ, ಆದರೂ ಮುಷ್ಟಿ ಕತ್ತಿಯ ಹಿಡಿಯ ದಪ್ಪಕ್ಕೇ ಬಿಗಿದಿತ್ತು. ಎಡಗಾಲು ಧಡ್ ಎಂದು ಬೀಳುವುದು, ಬಲಗಾಲು ತಡೆದು ಕೂರುವುದು. ಆ ತಡೆಯುವ ಮೂರು ಫ್ರೇಮಿನಲ್ಲಿ ಉಸಿರು ಗಂಟಲಲ್ಲೇ ನಿಲ್ಲುವುದು, ಕಾಲು ಕೂತ ಮೇಲೆ ಒಡೆದು ಹೊರಬರುವುದು. ಹೊರಬಂದಾಗ ಪರದೆಯಲ್ಲಿ ಬಿಳಿ ಹಬೆ. ಯಾರೂ ಸರಿಸಿ ಕೂರಿಸದೆಯೇ ಹಬೆಯೂ ಉಸಿರೂ ಒಂದಾಗಿದ್ದವು. ನಾಲ್ಕನೆಯವನು ಬಿದ್ದ, ಐದನೆಯವನು ಕಟಕಟೆಯ ಮೇಲಿಂದ ಹಾರಿದ. ಆರನೆಯವನ ಕತ್ತಿ ಮುದುಕನ ಭುಜಕ್ಕೆ ತಾಗಿದಾಗ ಮಾಸ್ತರಿಂದ ಬಂದ ಸದ್ದು ಸಣ್ಣದು, ನಾಚಿಕೆಪಟ್ಟವನ ಸದ್ದು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಏಳನೆಯವನು ಕತ್ತಿ ಬಿಸಾಡಿ ಓಡಿಹೋಗುತ್ತಾನೆ. ಮುದುಕ ಬೆನ್ನಟ್ಟುವುದಿಲ್ಲ, ಸುಮ್ಮನೆ ನಿಂತಿರುತ್ತಾನೆ. ಮಾಸ್ತರೂ ನಿಂತರು. ಬೆವರು ಹಲಗೆಯ ಮೇಲೆ ತೊಟ್ಟಿಕ್ಕುವುದು ನನ್ನ ಹೆಡ್‌ಫೋನಿನಲ್ಲಿ ಕೇಳಿತು.

ಅರವತ್ತಮೂರು ಹೆಜ್ಜೆಯಲ್ಲಿ ಎರಡು ಮಾತ್ರ ಒಂದೊಂದು ಫ್ರೇಮ್ ಆಚೀಚೆ ಆಗಿದ್ದವು. ಅವನ್ನು ಸರಿಸಿದೆ, ಅಷ್ಟೇ. ತಿರುಗಿ ನೋಡಿದರೆ ಓನರ್ ಯಾವಾಗ ಬಂದಿದ್ದರೋ, ಬಾಗಿಲ ಹತ್ತಿರ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು.

"ಆ ಟಿ.ವಿ. ಮನುಷ್ಯಾಗ ಟ್ರೇನ್ ಹತ್ತಬ್ಯಾಡಪ ಅಂತ ಫೋನ್ ಮಾಡ್ತೀನಿ," ಎಂದರು. ಉತ್ತರ ಬರುವ ಮೊದಲೇ ಹೀಗೆ ಮಾಡುವುದು ಹುಚ್ಚುತನ ಎಂದು ನನಗನಿಸಿತು, ಆದರೂ ಟ್ರ್ಯಾಕನ್ನು ಮುಂಬೈಗೆ ಕಳಿಸಲು ಕೂತೆ.

ಶುಕ್ರವಾರ ಮಧ್ಯಾಹ್ನ ಮೇಡಂ ಫೋನ್ ಮಾಡಿದರು. ಈ ಸಲ ಸೌಜನ್ಯ ಕಡಿಮೆ, ಅವಸರ ಹೆಚ್ಚು. ಚಿತ್ರ ನಿಮ್ಮದು, ಆ ಧ್ವನಿಯನ್ನು ಯಾವ ಕಾರಣಕ್ಕೂ ಬದಲಿಸಬೇಡಿ ಎಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. ಬಲಗಾಲು ಊರುವಾಗೆಲ್ಲ ನಿಮ್ಮ ಕಲಾವಿದ ಉಸಿರು ಹಿಡಿಯುತ್ತಾನಲ್ಲ, ಅದು ನಿಮಗೆ ಹೇಗೆ ಗೊತ್ತಾಯಿತು? ಮುದುಕನ ಮಂಡಿಯಲ್ಲಿ ಹಳೆಯ ಬಾಣದ ಗಾಯವಿದೆ, ಅದು ಚಿತ್ರದ ಕೊನೆಯ ಭಾಗದಲ್ಲಿ ತಿಳಿಯುತ್ತದೆ, ಆ ಭಾಗವನ್ನು ನಿಮಗೆ ಕಳಿಸಿಯೇ ಇರಲಿಲ್ಲವಲ್ಲ! ನಾನು ಏನೋ ತೊದಲಿದೆ. ಪೂರ್ತಿ ಚಿತ್ರವನ್ನು ಅಂದೇ ಕಳಿಸಿದರು, ಕೂತು ಕೊನೆಯವರೆಗೂ ನೋಡಿದೆ. ಮಾಸ್ತರು ಕಂಡದ್ದೆಲ್ಲ ಅಲ್ಲಿತ್ತು.

ಶನಿವಾರ ಮೈಸೂರುಪಾಕಿನ ಡಬ್ಬಿ ಹಿಡಿದು ಕಂಪ್ಲಿಗೆ ಹೋದೆ. ಬಾಗಿಲಲ್ಲೇ ಮಾಸ್ತರ ಹೆಂಡತಿ ಎದುರಾದರು. ಒಳಗೆ ಬಾ ಎನ್ನಲಿಲ್ಲ.

"ನೋಡವಾ, ನೀನು ಓದಿದಾಕಿ. ನಿನಗಾದರೂ ತಿಳೀಬಾರದಾ? ಆ ಕಾಲು ಇಟ್ಕೊಂಡು ನಾಕು ವರ್ಷದಿಂದ ಅಟ್ಟ ಹತ್ತಿಲ್ಲ ಅವರು. ಡಾಕ್ಟ್ರು ಕುಣಿಯೂದು ಬಂದ್ ಅಂದಾರ. ಎರಡು ದಿನ ಕುಣಿಸಿ ಕಳಿಸೀಯಲ್ಲ!"

ಆಕೆ ಬಾಗಿಲು ಬಿಟ್ಟು ಸರಿದ ಮೇಲೆ ಒಳಗೆ ಹೋದೆ, ಮಾಸ್ತರು ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಬಲಗಾಲು. ಮಂಡಿ ಊದಿ ಕುಂಬಳಕಾಯಿಯಾಗಿತ್ತು, ಅದರ ಮೇಲೆ ಬಿಸಿ ಉಪ್ಪಿನ ಗಂಟು. ನಾನು ಡಬ್ಬಿ ಹಿಡಿದು ಹಾಗೇ ನಿಂತುಬಿಟ್ಟೆ. ಹನ್ನೊಂದು ಟೇಕು. ಪ್ರತಿ ಸಲವೂ ತಡವಾಯಿತೆಂದು ನಿಲ್ಲಿಸಿ, ಮತ್ತೆ ಮೊದಲಿನಿಂದ ಅದೇ ಕಾಲು ಹಾಕಿಸಿದವಳು ನಾನು. ಲಕ್ಷ್ಯ ಕೊಡಿ ಎಂದು ಬೇರೆ ಗದರಿದ್ದೆ! ನೆಲ ಬಾಯಿಬಿಡಬಾರದೆ ಎನಿಸಿತು.

"ಪಾಸಾತೇನು?" ಎಂದು ಕೇಳಿದರು.

"ಆತ್ರಿ. ಇಡೀ ಚಿತ್ರ ನಮಗೇ ಬಂತು. ಆದರ ಇನ್ನ ಮ್ಯಾಲೆ ನೀವು ಕುಂತೇ ಮಾತಾಡ್ರಿ. ಹೆಜ್ಜಿ ಬ್ಯಾಡ. ನಾನು ಹೆಂಗಾರ ಮಾಡಿ ಸರಿ ಹೊಂದಿಸ್ತೀನಿ. ಯಾಕ ಹೇಳಲಿಲ್ಲ ಮಾಸ್ತರ್ರೀ ನನಗ?"

"ಹೇಳಿದ್ರ ನೀನು ಕುಣ್ಯಾಕ ಬಿಡ್ತಿದ್ದೇನು?"

ಅವರು ಡಬ್ಬಿ ಇಸಿದುಕೊಂಡು ಹೆಂಡತಿಯ ಕೈಗೆ ಕೊಟ್ಟರು. ಆಕೆ ಮುಖ ಆಚೆ ತಿರುಗಿಸಿಯೇ ತೆಗೆದುಕೊಂಡರು.

"ಪೂರ್ತಿ ಚಿತ್ರ ನೋಡಿದೇನು ನೀನು?" ಎಂದರು ಮಾಸ್ತರು.

"ನೋಡಿದೆ."

"ಮುಂದ ಅವನ ಕಾಲು ವಾಸಿ ಆಕೈತೇನು?"

ಸುಳ್ಳು ಹೇಳಿಬಿಡಬಹುದಿತ್ತು. ವಾಸಿಯಾಗುತ್ತದೆ, ಇನ್ನು ಮುಂದೆ ಅವನು ಕಾದಾಡುವುದೇ ಇಲ್ಲ ಎಂದಿದ್ದರೆ ಇವರು ಕೂತು ಮಾತಾಡಲು ಒಪ್ಪುತ್ತಿದ್ದರೋ ಏನೋ.

"ಇಲ್ರಿ," ಎಂದೆ. "ಕಡೀತನಕ ಹಂಗೇ ಇರತೈತಿ. ಕಡೀಗೂ ಅದೇ ಕಾಲಿನ ಮ್ಯಾಲೇ ನಿಂತು ಕಾದಾಡ್ತಾನ."

ಮಾಸ್ತರು ಉಪ್ಪಿನ ಗಂಟನ್ನು ಎತ್ತಿ ಬದಿಗಿಟ್ಟರು. ಮಂಡಿಯನ್ನು ಎರಡೂ ಕೈಯಿಂದ ಹಿಡಿದು, ಹಲ್ಲು ಕಚ್ಚಿ, ಒಮ್ಮೆ ಮಡಚಿ ಒಮ್ಮೆ ಚಾಚಿದರು.

"ಹಂಗಾದ್ರ ಛಲೋ ಆತು," ಎಂದರು. "ಇಬ್ಬರೂ ಕೂಡೇ ಮುಗಸ್ತೀವಿ."